ಸೈರನ್ ಕ್ಯಾಸೆಟ್ಟಿಗೆ ನಾನು ಬರೆದ ಅಭಿಪ್ರಾಯ

ಹೋದ ವಾರ ಅಟ್ಟೂರಿನ ನಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ನರ್ಸ್ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಮೂಗಿನೊಳಗೆ ಸುಳಿಯುವ ಆ ತಣ್ಣನೆಯ ವಾಸನೆ ಬಂದರೆ ನಿಮಗೆ ಆಸ್ಪತ್ರೆ ನೆನಪಾಗಬಹುದು. ನನಗೆ ನೆನಪಾಗುವುದು ಟೇಪ್‌ರೆಕಾರ್ಡರು. ಹತ್ತಿ, ಬೆಂಕಿಕಡ್ಡಿ, ಸ್ಪಿರಿಟ್ಟು ಇಟ್ಟುಕೊಂಡು ಟೇಪ್‌ರೆಕಾರ್ಡರಿನ ಹೆಡ್ಡನ್ನು ಒಂದೇ ಮಧ್ಯಾಹ್ನ ನಾಲ್ಕು ಸಲ ಒರೆಸಿದವಳು ನಾನು.

‘ಚುಚ್ಚಿ ಆಯ್ತು ಮೇಡಂ. ನಗ್ತಾನೇ ಇದ್ದೀರಲ್ಲ?’ ಎಂದಳು ನರ್ಸ್.

‘ನಾನಿಲ್ಲಿ ಇರಲಿಲ್ಲ ಕಣಮ್ಮ, ಗಂಗಾನಗರಕ್ಕೆ ಹೋಗಿದ್ದೆ’ ಎಂದೆ. ಅವಳು ಮುಂದಿನವರನ್ನು ಕರೆದಳು.

ನಮ್ಮ ವಂಶದಲ್ಲಿ ಬಿ.ಎ. ಮಾಡಿದವಳು ನಾನೇ ಮೊದಲು. ಈ ಮಾತು ಹೇಳದೆ ಯಾವ ಕಥೆಯನ್ನೂ ನಾನು ಶುರುಮಾಡುವುದಿಲ್ಲ ಎಂದು ನಮ್ಮ ಯಜಮಾನರು ರೇಗಿಸುತ್ತಾರೆ. ರೇಗಿಸಲಿ. ಅವರ ಅಪ್ಪ ಮೇಷ್ಟ್ರಾಗಿದ್ದವರು, ಅವರಿಗೆ ಡಿಗ್ರಿ ಎಂದರೆ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರಿನ ಹಾಗೆ. ನಮ್ಮಪ್ಪ ಹೆಬ್ಬೆಟ್ಟು ಒತ್ತುವವನು. ಅಟ್ಟೂರಿನ ಹತ್ತಿರ ಇದ್ದ ಮುಕ್ಕಾಲು ಎಕರೆಯಲ್ಲಿ ಆಲೂಗಡ್ಡೆ ಬೆಳೆದು ಯಶವಂತಪುರದ ಮಂಡಿಗೆ ಹಾಕುತ್ತಿದ್ದ. ನಾನು ಬಸ್ಸಿನಲ್ಲಿ ನಿಂತೇ ಡಿಗ್ರಿ ಓದಿದವಳು. ಯಲಹಂಕದಿಂದ ಕಾಲೇಜಿನವರೆಗೆ ಸೀಟು ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ಇಷ್ಟನ್ನು ಎಲ್ಲರಿಗೂ ಹೇಳುತ್ತೇನೆ. ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದೆ ಎಂಬುದನ್ನು ಮಾತ್ರ ಆಗ ಯಾರಿಗೂ ಹೇಳುತ್ತಿರಲಿಲ್ಲ. ಏಕೆಂದರೆ ಪಾಸಾದ ಮೇಲೆ ನನಗೆ ಸಿಕ್ಕ ಮೊದಲ ಕೆಲಸವೇ ಇಂಗ್ಲಿಷ್ ಹೇಳಿಕೊಡುವುದು.

ಎಂಬತ್ತರ ದಶಕದ ಕೊನೆಯ ವರ್ಷಗಳು. ಹೆಬ್ಬಾಳಕ್ಕೆ ಹತ್ತಿರದ ಗಂಗಾನಗರದಲ್ಲಿ ರಹೀಂ ಸಾಹೇಬರ ಮನೆ. ಗೊರಗುಂಟೆಪಾಳ್ಯದಲ್ಲಿ ಅವರದೊಂದು ಸಾಮಿಲ್ ಇತ್ತು. ಸಂಜೆ ಮನೆಗೆ ಬಂದರೆ ಹುಬ್ಬಿನ ಮೇಲೆ ಮರದ ಪುಡಿ ಕೂತಿರುತ್ತಿತ್ತು. ಅವರ ಮಗಳು ಶಬಾನಾ ಪಿಯುಸಿ ಓದುತ್ತಿದ್ದಳು. ಅವಳಿಗೆ ವಾರಕ್ಕೆ ನಾಲ್ಕು ದಿನ ನಾನು ಟ್ಯೂಷನ್ ಹೇಳಬೇಕು. ಮನೆಯೊಳಗೆ ಅವರೆಲ್ಲ ದಖ್ನಿ ಉರ್ದು ಮಾತಾಡುತ್ತಿದ್ದರು, ನನ್ನೊಡನೆ ಕನ್ನಡ. ಸಾಹೇಬರು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವರು, ದಿನಾ ಕನ್ನಡ ಪೇಪರನ್ನು ಜಾಹೀರಾತು ಸಮೇತ ಮುಗಿಸುತ್ತಿದ್ದರು. ಇಂಗ್ಲಿಷ್ ಮಾತ್ರ ಬಾರದು. ಹಾಗಾಗಿ ನನಗೆ ಆ ಮನೆಯಲ್ಲಿ ಸಿಗುತ್ತಿದ್ದ ಮರ್ಯಾದೆಯನ್ನು ನೀವು ನೋಡಬೇಕಿತ್ತು. ನಾನು ಒಳಗೆ ಕಾಲಿಟ್ಟರೆ ಸಾಹೇಬರು ಎದ್ದು ನಿಲ್ಲುತ್ತಿದ್ದರು. ನನಗಾಗ ಇಪ್ಪತ್ತಮೂರು ವರ್ಷ.

ಶಬಾನಾಳ ಅಣ್ಣ ಇಮ್ತಿಯಾಜ್ ಸರಕು ಹಡಗೊಂದರ ಎಂಜಿನ್ ರೂಮಿನಲ್ಲಿ ಎಲೆಕ್ಟ್ರಿಷಿಯನ್. ಅಮೆರಿಕದ ಬಂದರುಗಳಲ್ಲಿ ಇಳಿದಾಗೆಲ್ಲ ತಂಗಿಗೆಂದು ಕ್ಯಾಸೆಟ್ ಕೊಳ್ಳುವುದು, ರಜೆಗೆ ಊರಿಗೆ ಬರುವ ಯಾರಾದರೂ ಹಡಗಿನವರ ಕೈಯಲ್ಲಿ ಕಳಿಸುವುದು ಅವನ ಪದ್ಧತಿ. ಹಾಗೆ ಬಂದವುಗಳಲ್ಲಿ ರಾಗವಿರಲಿಲ್ಲ. ಡ್ರಮ್ಮಿನ ಏಟು, ಅದರ ಮೇಲೆ ಒಂದೇ ಸಮನೆ ಮಾತು. ಈಗ ಅದಕ್ಕೆ ಹಿಪ್ ಹಾಪ್ ಎನ್ನುತ್ತಾರೆ, ನಮ್ಮ ಹುಡುಗರು ಕನ್ನಡದಲ್ಲೇ ಮಾಡುತ್ತಾರೆ. ಆಗ ನಮಗೆ ಆ ಹೆಸರೂ ಗೊತ್ತಿರಲಿಲ್ಲ. ಶಬಾನಾ ‘ಮಾತಿನ ಹಾಡು’ ಎನ್ನುತ್ತಿದ್ದಳು.

ಆ ಮನೆಯಲ್ಲಿ ಒಂದು ಕಾನೂನಿತ್ತು. ಹಿಂದೊಮ್ಮೆ ಇಮ್ತಿಯಾಜ್ ಕಳಿಸಿದ ಕ್ಯಾಸೆಟ್ಟನ್ನು ನೆಂಟರ ಮುಂದೆ ಹಾಕಿದಾಗ, ಇಂಗ್ಲಿಷ್ ಬಲ್ಲ ಬೀಗರೊಬ್ಬರು ಬಿರಿಯಾನಿ ಅರ್ಧಕ್ಕೇ ಬಿಟ್ಟು ಎದ್ದುಹೋಗಿದ್ದರಂತೆ. ಅಂದಿನಿಂದ ಸಾಹೇಬರು ಹುಷಾರಾಗಿದ್ದರು. ನನ್ನನ್ನು ಕಂಡದ್ದೇ ಅವರಿಗೆ ದಾರಿ ಹೊಳೆಯಿತು. ಉದ್ದನೆಯ ನೋಟ್‌ಬುಕ್ಕೊಂದನ್ನು ತಂದು ನನ್ನ ಮುಂದಿಟ್ಟರು.

‘ನೋಡಿ ಟೀಚರಮ್ಮ, ನಮ್ಗೆ ಇಂಗ್ಲಿಷ್ ಬರಲ್ಲ. ಮಗ ಕಳಿಸ್ತಾನೆ, ಬೇಡ ಅನ್ನೋಕಾಗಲ್ಲ. ನೀವು ಡಿಗ್ರಿ ಓದಿದೋರು. ಒಂದ್ಸಲ ಪೂರ್ತಿ ಕೇಳ್ಬಿಟ್ಟು ಎರಡು ಲೈನ್ ಬರೀರಿ, ಕನ್ನಡದಲ್ಲಿ. ನೀವು ಹೂಂ ಅಂದ್ರೆ ಹಾಲಲ್ಲಿ ಹಾಕೋಣ. ಬೇಡ ಅಂದ್ರೆ ಅದ್ರ ಮೇಲೆ ಬೇರೆ ಏನಾದ್ರೂ ರೆಕಾರ್ಡ್ ಮಾಡ್ಕೊಳ್ಳೋಣ.’

ನಾನು ಹೂಂ ಎಂದೆ. ಆ ವೇಗದ ಇಂಗ್ಲಿಷಿನಲ್ಲಿ ನನಗೆ ಒಂದು ಮಾತೂ ತಿಳಿಯುವುದಿಲ್ಲ ಎಂದು ಅಲ್ಲೇ ಹೇಳಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಎರಡು ಸಲ ಫೇಲಾದವಳ ಬಾಯಿಂದ ‘ತಿಳಿಯುವುದಿಲ್ಲ’ ಎಂಬ ಮಾತು ಸುಲಭಕ್ಕೆ ಹೊರಡುವುದಿಲ್ಲ.

ಮೊದಲು ಬಂದದ್ದು ಹಳದಿ ಹೊದಿಕೆಯದು. ಹತ್ತಾರು ಜನ ಚಪ್ಪಾಳೆ ತಟ್ಟುತ್ತಾರೆ, ಒಬ್ಬ ಕೂಗಿದರೆ ಉಳಿದವರು ‘ಹೋ’ ಎನ್ನುತ್ತಾರೆ. ಡ್ರಮ್ಮಿನ ಏಟಿಗೆ ಶೋಕೇಸಿನ ಗಾಜಿನ ಲೋಟಗಳು ಗಿಣಿಗಿಣಿ ಎನ್ನುತ್ತಿದ್ದವು. ನಾನು ಬರೆದೆ: ‘ಮದುವೆ ಮನೆಯ ಗಲಾಟೆಯಂತಿದೆ. ದೋಷವಿಲ್ಲ. ಹಾಕಬಹುದು.’ ಈ ಅಭಿಪ್ರಾಯವನ್ನು ನಾನು ಈಗಲೂ ಬದಲಾಯಿಸುವುದಿಲ್ಲ. ಅದು ಊಟವಾದ ಮೇಲೆ ಕೇಳುವ ಸಂಗೀತ. ಯಾರೂ ಏನನ್ನೂ ಹೇಳಲು ಹೊರಟಿಲ್ಲ, ಸೇರಿದ್ದೇವೆ ಎಂಬ ಖುಷಿ ಅಷ್ಟೆ.

ಎರಡನೆಯದನ್ನು ‘ಇಬ್ಬರ ಕ್ಯಾಸೆಟ್’ ಎನ್ನುತ್ತಿದ್ದೆವು. ಒಬ್ಬ ಸಾಲು ಎತ್ತುತ್ತಾನೆ, ಕೊನೆಯ ಪದ ಬರುವ ಹೊತ್ತಿಗೆ ಇನ್ನೊಬ್ಬ ಅದನ್ನು ಕಿತ್ತುಕೊಳ್ಳುತ್ತಾನೆ. ಹಿಂದೆ ಗಿಟಾರು ಗರಗಸದಂತೆ ಕೊಯ್ಯುತ್ತಿರುತ್ತದೆ. ಸಾಹೇಬರಿಗೆ ಸಾಮಿಲ್ಲಿನ ನೆನಪಾಗಿ ಹಿಡಿಸಿತೋ ಏನೋ. ‘ಇಬ್ಬರೂ ಅನ್ಯೋನ್ಯವಾಗಿದ್ದಾರೆ’ ಎಂದು ಬರೆದೆ. ನಗಬೇಡಿ. ಅದು ನಿಜ. ಉಸಿರು ಹಂಚಿಕೊಳ್ಳುವಷ್ಟು ನಂಬಿಕೆಯಿಲ್ಲದವರು ಹಾಗೆ ಹಾಡಲಾರರು.

ಮೂರನೆಯದು ಅಕ್ಕಂದಿರದು. ಮೂವರು ಹೆಂಗಸರ ದನಿ, ನಡುನಡುವೆ ಸ್ವಲ್ಪ ರಾಗವೂ ಇತ್ತು. ‘ಸುಶ್ರಾವ್ಯ. ಹೆಣ್ಣುಮಕ್ಕಳು ಕೇಳಲು ಯೋಗ್ಯ’ ಎಂದು ಬರೆದು ಕೆಳಗೆ ಗೀಟು ಬೇರೆ ಎಳೆದೆ. ಆ ಅಕ್ಕಂದಿರು ಗಂಡಸರ ಬಗ್ಗೆ ಏನೇನು ಹೇಳಿದ್ದರೆಂದು ವರ್ಷಗಳ ನಂತರ ತಿಳಿದಾಗ ಒಬ್ಬಳೇ ಕೂತಿದ್ದರೂ ಮುಖ ಮುಚ್ಚಿಕೊಂಡೆ. ಶಬಾನಾಳ ಅಜ್ಜಿಯನ್ನು ಎಲ್ಲರೂ ದಾದಿ ಎನ್ನುತ್ತಿದ್ದರು. ಅವರು ತಸ್ಬಿಯ ಜಪಮಣಿ ಹಿಡಿದುಕೊಂಡೇ ಆ ಕ್ಯಾಸೆಟ್ಟಿಗೆ ತಲೆದೂಗುತ್ತಿದ್ದರು. ‘ಅಚ್ಛಾ ಹೈ, ಟೀಚರ್ ಪಾಸ್ ಕರೀ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು.

ನಾಲ್ಕನೆಯದೇ ಸ್ಪಿರಿಟ್ಟಿನ ಕ್ಯಾಸೆಟ್ಟು. ಹಾಡು ಚೆನ್ನಾಗಿಯೇ ಹೊರಡುತ್ತದೆ, ಇದ್ದಕ್ಕಿದ್ದಂತೆ ಕರಕರ, ಕಿರಕ್ ಕಿರಕ್. ಟೇಪು ಸಿಕ್ಕಿಕೊಳ್ಳುತ್ತಿದೆ ಎಂದು ನಿಲ್ಲಿಸಿದೆ, ಹೆಡ್ಡು ಒರೆಸಿದೆ. ಮತ್ತೆ ಕರಕರ. ಮತ್ತೆ ಒರೆಸಿದೆ.

‘ಟೀಚರ್, ಇದು ನಾಲ್ಕನೇ ಸಲ’ ಎಂದಳು ಶಬಾನಾ.

‘ಹೆಡ್ಡಲ್ಲಿ ಕೊಳೆ ಇದೆ ಕಣೆ.’

‘ಕೊಳೆ ತಾಳಕ್ಕೆ ಸರಿಯಾಗಿ ಬರತ್ತಾ ಟೀಚರ್?’

ಅವಳು ನಗಲಿಲ್ಲ, ಕೇಳಿದಳು ಅಷ್ಟೆ. ನಾನು ಮತ್ತೆ ಹಾಕಿ ಗಮನವಿಟ್ಟೆ. ಹೌದು, ಕೊಳೆ ತಾಳಕ್ಕೆ ಸರಿಯಾಗಿ ಬರುತ್ತಿತ್ತು. ಗ್ರಾಮಫೋನ್ ತಟ್ಟೆಯನ್ನು ಕೈಯಲ್ಲಿ ಹಿಂದೆ ಮುಂದೆ ಉಜ್ಜಿ ಬೇಕೆಂದೇ ಹೊರಡಿಸುವ ಸದ್ದು ಅದೆಂದು ನಮ್ಮಿಬ್ಬರಿಗೂ ಆಗ ಗೊತ್ತಿರಲಿಲ್ಲ. ಬೇಕೆಂದೇ ಮಾಡಿದ್ದೆಂದು ಅವಳಿಗೆ ತಿಳಿಯಿತು, ನನಗೆ ತಿಳಿಯಲಿಲ್ಲ. ಯಶವಂತಪುರದಲ್ಲಿ ಕಂಡಕ್ಟರ್ ‘ಹೆಬ್ಬಾ ಹೆಬ್ಬಾ ಹೆಬ್ಬಾಳ’ ಎಂದು ಕೂಗುವುದನ್ನು ದಿನಾ ಕೇಳಿದವಳಿಗೆ ಅಷ್ಟು ಹೊಳೆಯಬೇಕಿತ್ತು. ನೋಟ್‌ಬುಕ್ಕಿನಲ್ಲಿ ‘ಸ್ವಲ್ಪ ಗದ್ದಲ. ಅಡ್ಡಿಯಿಲ್ಲ’ ಎಂದು ಬರೆದು ಪಾರಾದೆ.

ಐದನೆಯದು ಸೈರನ್ ಕ್ಯಾಸೆಟ್ಟು. ಕಪ್ಪು ಹೊದಿಕೆ, ಮೇಲೆ ಒಬ್ಬನ ಅರ್ಧ ಮುಖ. ಶುರುವಾಗುವುದೇ ಪೊಲೀಸ್ ಗಾಡಿಯ ಸೈರನ್ನಿನಿಂದ. ಆಮೇಲೆ ಒಂದು ದಪ್ಪ ದನಿ ಏಟು ಹಾಕುವ ಹಾಗೆ ಮಾತಾಡುತ್ತದೆ. ಎರಡು ಹಾಡು ಕೇಳಿ ನಿಲ್ಲಿಸಿದೆ. ‘ಕೋಪದ ಕ್ಯಾಸೆಟ್. ಮನೆಗೆ ತಕ್ಕುದಲ್ಲ’ ಎಂದು ಬರೆದೆ.

ಶಬಾನಾ ನೋಟ್‌ಬುಕ್ಕನ್ನು ಓದಿ ಹಾಗೇ ಇಟ್ಟಳು. ‘ಟೀಚರ್, ಅವ್ನು ಯಾಕೆ ಕೋಪ ಮಾಡ್ಕೊಂಡಿದ್ದಾನೆ? ಒಂದೇ ಒಂದು ಲೈನ್ ಹೇಳಿ. ಆಮೇಲೆ ಬೇಡ ಅನ್ನಿ.’

‘ಅದೆಲ್ಲ ನಿನ್ನ ವಯಸ್ಸಿಗೆ ಬೇಡ’ ಎಂದೆ. ಅವಳಿಗೆ ಹದಿನೇಳು. ನನಗಿಂತ ಆರೇ ವರ್ಷ ಚಿಕ್ಕವಳು. ಅಣ್ಣ ಮನೆ ಬಿಟ್ಟು ಎರಡು ವರ್ಷವಾಗಿತ್ತು. ಅವನು ಏನು ಕೇಳುತ್ತಾನೋ ಅದನ್ನು ತಾನೂ ಕೇಳುವುದೊಂದೇ ಅವಳಿಗೆ ಅವನ ಜೊತೆ ಉಳಿದಿದ್ದ ಒಡನಾಟ. ಅದು ನನ್ನ ಎರಡು ಸಾಲಿನ ಕೈಯಲ್ಲಿತ್ತು. ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಸಾಹೇಬರು ಕಾನೂನಿನಂತೆ ನಡೆದುಕೊಂಡರು. ಆಗ ಹೊರದೇಶದಲ್ಲಿರುವವರಿಗೆ ಕಾಗದದ ಬದಲು ಮಾತನ್ನೇ ರೆಕಾರ್ಡು ಮಾಡಿ ಕಳಿಸುವುದಿತ್ತು. ಅಲ್ಲಿಂದ ಅವರು ಅದೇ ಕ್ಯಾಸೆಟ್ಟಿನ ಮೇಲೆ ಉತ್ತರ ಮಾತಾಡಿ ವಾಪಸು ಕಳಿಸುತ್ತಿದ್ದರು. ಹಾಡಿನ ಮೇಲೆ ರೆಕಾರ್ಡ್ ಆಗಲೆಂದು ಸೈರನ್ ಕ್ಯಾಸೆಟ್ಟಿನ ಬೆನ್ನಿನ ತೂತುಗಳಿಗೆ ಕಾಗದ ತುರುಕಿ, ಎಲ್ಲರೂ ಸುತ್ತ ಕೂತು ಇಮ್ತಿಯಾಜನಿಗೆ ಮಾತಾಡಿದರು. ದಾದಿ ಅತ್ತರು. ಸಾಹೇಬರು ಭಾಷಣದಂತೆ ಮಾತಾಡಿದರು. ನನಗೂ ‘ಎರಡು ಮಾತು, ಇಂಗ್ಲಿಷಲ್ಲಿ’ ಎಂದರು. ‘ಶಬಾನಾ ಈಸ್ ಇಂಪ್ರೂವಿಂಗ್’ ಎಂದು ಗಂಟಲು ಸರಿಮಾಡಿಕೊಂಡು ಹೇಳಿದೆ. ಕ್ಯಾಸೆಟ್ಟು ಹಡಗಿಗೆ ಹೋಯಿತು.

ಆ ನಡುವೆ ಒಂದು ಬೆಳಿಗ್ಗೆ ಅಪ್ಪನ ಜೊತೆ ಯಶವಂತಪುರದ ಮಂಡಿಗೆ ಹೋಗಿದ್ದೆ. ಮೂಟೆಗಳ ಮಧ್ಯೆ ನಿಂತು ಹರಾಜು ಕೂಗುವವನು ಬಾಯಿಗೆ ಬೆಂಕಿ ಬಿದ್ದವನ ಹಾಗೆ ಕೂಗುತ್ತಿದ್ದ. ಡಿಗ್ರಿ ಓದಿದ ನನಗೆ ಒಂದೂ ತಿಳಿಯುತ್ತಿಲ್ಲ, ಅಪ್ಪ ಮಾತ್ರ ಸರಿಯಾದ ಕಡೆ ತಲೆಯಾಡಿಸುತ್ತಾನೆ.

‘ಅಪ್ಪಾ, ಅವನು ಏನಂತಾನೆ ಅಂತ ನಿನಗೆ ಹೆಂಗೆ ಗೊತ್ತಾಗುತ್ತೆ?’

‘ಎಲ್ಲ ಮಾತ್ನೂ ಇಡ್ಯೋಕೆ ಓಗ್ಬಾರ್ದು ಕಣವ್ವ. ಅವ್ನು ಉಸ್ರು ಎಲ್ಲಿ ಎಳ್ಕತಾನೆ ನೋಡು. ಉಸ್ರು ಎಳ್ಕಳಕ್ ಮುಂಚೆ ಯೋಳೋದೇ ಅಸಲಿ ಮಾತು. ಮಿಕ್ಕಿದ್ದು ತೌಡು.’

ಮಗಳಿಗೆ ಪಾಠ ಹೇಳಿದೆನೆಂದು ಅವನಿಗೆ ಅನ್ನಿಸಲೂ ಇಲ್ಲ. ಬೀಡಿ ಹಚ್ಚಿಕೊಂಡು ಮೂಟೆಯ ಕಡೆ ಹೋದ.

ನಾಲ್ಕು ತಿಂಗಳಾದ ಮೇಲೆ ಅದೇ ಕ್ಯಾಸೆಟ್ಟು ಇಮ್ತಿಯಾಜನ ಉತ್ತರ ಹೊತ್ತು ತಿರುಗಿ ಬಂತು. ಅಂದು ಸಂಜೆ ಹಾಲಿನಲ್ಲಿ ಎಲ್ಲರೂ ಕೂತಿದ್ದರು. ಚಹಾ, ಖಾರಾ ಬಿಸ್ಕತ್ತು. ಇಮ್ತಿಯಾಜನ ದನಿ ದಖ್ನಿಯಲ್ಲಿ ಎಲ್ಲರ ಯೋಗಕ್ಷೇಮ ಕೇಳಿತು. ಅಷ್ಟು ಹೊತ್ತಿಗೆ ನನಗೂ ಆ ಭಾಷೆ ಕಿವಿಗೆ ಹತ್ತಿತ್ತು. ಕೊನೆಗೆ ಅವನು ತಂಗಿಗೆ ಹೇಳಿದ: ‘ಶಬ್ಬೋ, ನಾನು ನಿನಗೋಸ್ಕರ ಹುಡುಕಿ ತಂದದ್ದು ಈ ಕ್ಯಾಸೆಟ್ಟನ್ನೇ. ನನ್ನ ಜೊತೆ ಎಂಜಿನ್ ರೂಮಿನಲ್ಲಿ ಇರುವವನು ಆ ಹಾಡುಗಾರನ ಊರಿನವನು. ಒಂದೊಂದು ಮಾತೂ ಬಿಡಿಸಿ ಹೇಳಿದ್ದ. ನಿನಗೂ ಹೇಳೋಣ ಅಂತಿದ್ದೆ. ಅದರ ಮೇಲೆ ಯಾಕೆ ರೆಕಾರ್ಡು ಮಾಡಿದಿರಿ? ಯಾರು ಬೇಡ ಅಂದರು?’

ಯಾರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಟೇಪನ್ನು ನಿಲ್ಲಿಸುವುದನ್ನೂ ಮರೆತರು. ಅವನ ಮಾತು ಮುಗಿದು ಸ್ವಲ್ಪ ಹೊತ್ತು ಸುಮ್ಮನೆ ಓಡಿದ ಟೇಪು ಟಕ್ ಎಂದಿತು. ಇವರ ಮಾತೂ ಅವನ ಮಾತೂ ಮುಟ್ಟದೆ ಉಳಿದಿದ್ದ ಕೊನೆಯ ತುಂಡಿನಲ್ಲಿ, ಆ ದಪ್ಪ ದನಿ ಹಾಡಿನ ನಡುವಿನಿಂದ ಹೊರಟಿತು. ಮೂರು ನಿಮಿಷ ಇದ್ದಿರಬಹುದು.

ನಾನು ಅಪ್ಪ ಹೇಳಿದಂತೆ ಉಸಿರನ್ನು ಕೇಳಿದೆ. ಎಲ್ಲವನ್ನೂ ಹಿಡಿಯಲು ಹೋಗಲಿಲ್ಲ. ಉಸಿರೆಳೆದುಕೊಳ್ಳುವ ಮುಂಚಿನ ಪದಗಳು ಒಂದೊಂದಾಗಿ ಬಂದವು. ಅಮ್ಮ. ಮೆಟ್ಟಿಲು. ಬಕೆಟ್. ಮೊಣಕಾಲು. ಮತ್ತೆ ಅಮ್ಮ. ಟೇಪು ಮುಗಿದು ಗುಂಡಿ ಮೇಲೆ ಹಾರಿತು.

‘ಏನಂತಾನೆ ಟೀಚರಮ್ಮ?’ ಎಂದರು ಸಾಹೇಬರು.

ಇಲ್ಲಿ ನಿಮಗೆ ಇನ್ನೂ ಹೇಳದ ಒಂದು ಮಾತು ಹೇಳಬೇಕು. ಆಲೂಗಡ್ಡೆ ನನ್ನನ್ನು ಓದಿಸಲಿಲ್ಲ. ನಮ್ಮವ್ವ ಹೆಬ್ಬಾಳದ ಕಡೆ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಮೆಟ್ಟಿಲು ತೊಳೆಯುತ್ತಿದ್ದಳು, ಆ ದುಡ್ಡು ಓದಿಸಿತು. ಸಾಹೇಬರ ಮನೆಯಲ್ಲಿ ಒಮ್ಮೆ ದಾದಿ ಕೇಳಿದಾಗ ‘ಅಮ್ಮ ಮನೇಲೇ ಇರ್ತಾರೆ’ ಎಂದುಬಿಟ್ಟಿದ್ದೆ.

‘ಸಾಹೇಬ್ರೇ, ನಾಲ್ಕು ಪದ ಅರ್ಥ ಆಯ್ತು’ ಎಂದೆ. ‘ಅವನು ತನ್ನ ತಾಯಿ ವಿಷಯ ಹೇಳ್ತಿದ್ದಾನೆ. ಅವಳು ಮೆಟ್ಟಿಲು ತೊಳೀತಾಳೆ. ಅಷ್ಟೇ ಗೊತ್ತಾಗಿದ್ದು. ಅವತ್ತು ಬೇಡ ಅಂತ ಬರೆದಾಗ ಅಷ್ಟೂ ಗೊತ್ತಾಗಿರಲಿಲ್ಲ. ಒಂದು ಪದಾನೂ ಗೊತ್ತಾಗಿರಲಿಲ್ಲ.’

‘ಬಾಕಿ ಕ್ಯಾಸೆಟ್ಟು?’

‘ಅವೂ ಅಷ್ಟೇ.’

ಸಾಹೇಬರು ಸಿಟ್ಟಾಗಲಿಲ್ಲ. ಹುಬ್ಬಿನ ಮೇಲಿನ ಮರದ ಪುಡಿಯನ್ನು ಒರೆಸಿಕೊಂಡರು. ‘ಆ ಬುಕ್ಕನ್ನ ನಾನು ನಮ್ಮ ಮೊಹಲ್ಲಾದಲ್ಲಿ ನಾಲ್ಕು ಜನಕ್ಕೆ ತೋರಿಸಿದ್ದೀನಿ ಟೀಚರಮ್ಮ. ನಮ್ಮನೇಲಿ ಡಿಗ್ರಿಯೋರು ಕೇಳಿ ಬರೆದಿದ್ದಾರೆ ಅಂತ.’ ಆಮೇಲೆ ‘ನಾಳೆಯಿಂದ ಗ್ರಾಮರ್ ಮಾತ್ರ ಹೇಳ್ಕೊಡಿ’ ಎಂದರು. ದಾದಿ ಮಾತ್ರ ‘ಉನೇ ಚಾ ನೈಂ ಪೀ’, ಇವಳು ಚಹಾನೇ ಕುಡಿದಿಲ್ಲ, ಎಂದು ನನ್ನ ಲೋಟವನ್ನು ನನ್ನ ಕಡೆ ಸರಿಸಿದರು. ಚಹಾ ಆರಿಹೋಗಿತ್ತು. ಕುಡಿದೆ.

ಮರುದಿನ ಹೋಗುವುದೋ ಬೇಡವೋ ಎಂದು ಬೆಳಗಿನಿಂದ ಯೋಚಿಸಿ, ಹೋದೆ. ಸಾಹೇಬರು ಎದ್ದು ನಿಲ್ಲಲಿಲ್ಲ. ಅದು ನ್ಯಾಯ. ಒಂದು ತಿಂಗಳು ಬರೀ ವ್ಯಾಕರಣ ನಡೆಯಿತು. ಆಮೇಲೆ ಇನ್ನೊಂದು ಕ್ಯಾಸೆಟ್ ಬಂತು. ಸಾಹೇಬರು ನೋಟ್‌ಬುಕ್ಕನ್ನು ನನ್ನ ಎದುರಿಗೇ ಶಬಾನಾಳ ಕೈಗೆ ಕೊಟ್ಟರು. ಅವಳು ಮೂರು ದಿನ ಕೇಳಿದಳು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ಬರೆದದ್ದನ್ನು ಸಾಹೇಬರು ಗಟ್ಟಿಯಾಗಿ ಓದಿದರು: ‘ಅರ್ಧ ಅರ್ಥವಾಯಿತು. ಅರ್ಧ ಆಗಲಿಲ್ಲ. ಅರ್ಥವಾದ ಅರ್ಧ ಚೆನ್ನಾಗಿದೆ.’

‘ಅರ್ಧಕ್ಕೆ ಹೆಂಗಮ್ಮ ಪರ್ಮಿಷನ್ ಕೊಡೋದು?’

‘ನೀವೂ ಕೂತ್ಕೊಳ್ಳಿ ಅಬ್ಬಾ. ಒಟ್ಟಿಗೇ ಕೇಳೋಣ.’

ಅವರು ಕೂತರು. ಎರಡನೆಯ ಹಾಡಿಗೆ ನಿದ್ದೆ ಹೋದರು. ಆ ಕ್ಯಾಸೆಟ್ಟಿನ ಬಗ್ಗೆ ನನ್ನ ಅಭಿಪ್ರಾಯವೂ ಅದೇ: ಹಾಡುಗಾರನಿಗೆ ತನ್ನ ದನಿಯ ಮೇಲೆ ತನಗೇ ಮೋಹ, ಕೇಳುವವರಿಗೆ ಜೋಂಪು.

ಕ್ಲಿನಿಕ್ಕಿನಿಂದ ಮನೆಗೆ ಬಂದವಳೇ ಶಬಾನಾಳಿಗೆ ಫೋನ್ ಮಾಡಿದೆ. ಅವಳೀಗ ಆರ್.ಟಿ. ನಗರದಲ್ಲಿದ್ದಾಳೆ, ಅವಳಿಗೇ ಮೊಮ್ಮಕ್ಕಳು. ಈಗಲೂ ನನ್ನನ್ನು ಟೀಚರ್ ಎನ್ನುತ್ತಾಳೆ. ‘ಆ ಸೈರನ್ ಕ್ಯಾಸೆಟ್ ಇಡೀದು ಈಗ ಫೋನಲ್ಲೇ ಸಿಗತ್ತೆ ಟೀಚರ್, ಮಾತೆಲ್ಲ ಬರ್ಕೊಂಡೇ ಬರತ್ತೆ’ ಎಂದು ಕಳಿಸಿಕೊಟ್ಟಳು. ಅರವತ್ತು ದಾಟಿದ ಮೇಲೆ, ಕನ್ನಡಕ ಹಾಕಿಕೊಂಡು, ಒಂದು ಇಡೀ ಮಧ್ಯಾಹ್ನ ಕೂತು ಹನ್ನೊಂದು ಹಾಡನ್ನೂ ಕೇಳಿದೆ.

ಮೊದಲ ಎರಡರಲ್ಲಿ ಜಂಬವೇ ಜಾಸ್ತಿ. ನಾನು ಆವತ್ತು ಕೇಳಿದ್ದು ಅವೆರಡನ್ನೇ. ನಾಲ್ಕನೆಯದರಲ್ಲಿ ಕೆಟ್ಟ ಬೈಗುಳವಿದೆ, ಸಾಹೇಬರ ಹಾಲಿಗೆ ಖಂಡಿತ ಒಗ್ಗುತ್ತಿರಲಿಲ್ಲ. ಏಳು, ಎಂಟು, ಒಂಬತ್ತು ಒಂದಕ್ಕಿಂತ ಒಂದು ಗಟ್ಟಿ. ಅವುಗಳಲ್ಲಿ ಡ್ರಮ್ಮು ಎಲ್ಲಿ ಸುಮ್ಮನಾಗಬೇಕೆಂದು ತಿಳಿದವನು ಬಾರಿಸಿದ್ದಾನೆ. ಹತ್ತನೆಯದು ಇಲ್ಲದಿದ್ದರೂ ನಡೆಯುತ್ತಿತ್ತು. ಹನ್ನೊಂದನೆಯದು ಅಮ್ಮನ ಹಾಡು. ನಮಗೆ ಉಳಿದಿದ್ದದ್ದು ಅದರ ಕೊನೆಯ ಭಾಗ ಮಾತ್ರ, ಅದರಲ್ಲಿ ಅಮ್ಮ ಮೆಟ್ಟಿಲು ತೊಳೆಯುತ್ತಾಳೆ. ನಮ್ಮ ಮಾತಿನ ಕೆಳಗೆ ಅಳಿಸಿಹೋದ ಮೊದಲ ಭಾಗದಲ್ಲಿ ಬೇರೊಂದು ವಿಷಯವಿದೆ. ಹುಡುಗ ಶಾಲೆಯ ಗೆಳೆಯರ ಜೊತೆ ಅದೇ ಮೆಟ್ಟಿಲು ಇಳಿಯುತ್ತಾನೆ. ಅಮ್ಮ ತಲೆಯೆತ್ತುತ್ತಾಳೆ. ಅವನು ಯಾರೋ ಎಂಬಂತೆ ಪಕ್ಕಕ್ಕೆ ಸರಿದು ದಾಟಿಹೋಗುತ್ತಾನೆ. ಅಮ್ಮನೂ ತಲೆ ತಗ್ಗಿಸಿ ಬಕೆಟ್ಟನ್ನು ಅವನಿಗಾಗಿ ಸ್ವಲ್ಪ ಸರಿಸುತ್ತಾಳೆ.

ಅವ್ವ ಹೋಗಿ ಹದಿನಾರು ವರ್ಷವಾಯಿತು.

ಮತ್ತೆ ಫೋನ್ ಮಾಡಿದೆ. ‘ಶಬಾನಾ, ನಮ್ಮವ್ವ ಮನೇಲಿ ಇರ್ತಿರಲಿಲ್ಲ ಕಣೆ. ಕ್ವಾರ್ಟರ್ಸಲ್ಲಿ ಮೆಟ್ಟಿಲು ತೊಳೀತಿದ್ಲು.’

ಆ ಕಡೆ ಕುಕ್ಕರ್ ಕೂಗಿತು. ಅವಳು ಸ್ಟವ್ ಆರಿಸಿ ಬಂದಳು.

‘ಯಾವ ಕ್ವಾರ್ಟರ್ಸು ಟೀಚರ್?’

‘ನಿಮ್ಮ ಮನೆ ಹತ್ರದ ಬಸ್‌ಸ್ಟಾಪ್ ಎದುರಿಗಿತ್ತಲ್ಲ, ಅದೇ. ಸಾಯಂಕಾಲ ನಾನು ಪಾಠ ಮುಗಿಸೋ ಹೊತ್ತಿಗೇ ಅವಳೂ ಕೆಲಸ ಮುಗಿಸಿ ಬಸ್ಸಿಗೆ ನಿಂತಿರ್ತಿದ್ಲು.’



‘ನೀವು ದಿನಾ ಮುಂದಿನ ಸ್ಟಾಪ್‌ವರೆಗೂ ನಡ್ಕೊಂಡು ಹೋಗ್ತಿದ್ರಲ್ಲ ಟೀಚರ್. ಅದಕ್ಕೇನಾ?’

‘ಹೂಂ, ಅದಕ್ಕೇ’ ಎಂದೆ.